ತೊಂದರೆ ಹೇಳಿ, ಉಪಾಯ ಆಮೇಲೆ

ಮಲೆನಾಡಿನ ಅಡಿಕೆ ತೋಟದವರಿಗೆ ಐಡಿಯಾಗಳಿಗೇನೂ ಬರವಿಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೂತು ನೋಡಿ. ಅಕ್ಕಪಕ್ಕದ ಇಬ್ಬರಲ್ಲಿ ಒಬ್ಬರ ತಲೆಯಲ್ಲಾದರೂ ಒಂದು ಮೆಷಿನ್ ಓಡುತ್ತಿರುತ್ತದೆ. ಒಬ್ಬರಿಗೆ ಮಳೆ ಹನಿ ಬಿದ್ದ ಕೂಡಲೇ ಒಣಗಲು ಹಾಕಿದ ಅಡಿಕೆಯ ಮೇಲೆ ಟಾರ್ಪಲ್ ತಾನೇ ಮುಚ್ಚಿಕೊಳ್ಳಬೇಕು. ಇನ್ನೊಬ್ಬರಿಗೆ ಏಣಿ ಇಲ್ಲದೆ ಕಾಳುಮೆಣಸು ಕೊಯ್ಯಬೇಕು. ಸಾರು ಬಡಿಸುವಾಗ ಶುರುವಾದ ಮಾತು ಪಾಯಸ ಬರುವ ಹೊತ್ತಿಗೆ ಮುಗಿದಿರುತ್ತದೆ, ಮೆಷಿನ್ನೂ ಅಲ್ಲಿಗೇ ನಿಂತಿರುತ್ತದೆ.

ಕೆಲವು ನಿಂತಿಲ್ಲ ಅನ್ನಿ. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಹಸಿ ಅಡಿಕೆ ಸುಲಿಯುತ್ತಿದ್ದ ಮನೆಗಳಲ್ಲಿ ಈಗ ಸುಲಿಯುವ ಮೆಷಿನ್ ಸದ್ದು ಮಾಡುತ್ತಿದೆ. ಬಂಟ್ವಾಳದ ಗಣಪತಿ ಭಟ್ಟರ ಮರ ಏರುವ ಬೈಕ್ 2019ರಲ್ಲಿ ಮೊಬೈಲಿಂದ ಮೊಬೈಲಿಗೆ ಹಾರಿ ದೇಶವೆಲ್ಲ ಸುತ್ತಿತು. ಆದರೆ ಅವು ಲೆಕ್ಕಕ್ಕೆ ಸಿಕ್ಕವು. ಪಂಕ್ತಿಯಲ್ಲೇ ಉಳಿದವು ಎಷ್ಟೋ.

ಯಾಕೆ ಮುಂದಕ್ಕೆ ಹೋಗಲಿಲ್ಲ ಅಂತ ಕೇಳಿದರೆ ಎಲ್ಲರೂ ದುಡ್ಡಿನ ಕಡೆ ಕೈ ತೋರಿಸುತ್ತಾರೆ. ನನಗೆ ಪೂರ್ತಿ ನಂಬಿಕೆ ಇಲ್ಲ. ದುಡ್ಡಿಗೂ ಮುಂಚೆ ಬರುವುದು ಭಯ. "ಗೊತ್ತಿದ್ದವರ ಹತ್ರ ತೋರಿಸಿದ್ರೆ ಅವ್ರೇ ಮಾಡ್ಕೊಂಡು ಬಿಡ್ತಾರೆ" ಅನ್ನುವ ಭಯ. ಹಾಗಾಗಿ ಇಂಜಿನಿಯರ್ ಹತ್ತಿರ ಹೋದರೂ ಅರ್ಧ ಹೇಳುತ್ತೇವೆ, ಅರ್ಧ ನುಂಗುತ್ತೇವೆ. "ಇಷ್ಟುದ್ದದ್ದು ಒಂದು ಪೈಪು, ತುದಿಗೆ ಹೀಗೊಂದು ಕೊಕ್ಕೆ, ಮಾಡಿಕೊಡಿ" ಅಂತೀವಿ. ಯಾತಕ್ಕೆ ಅಂತ ಕೇಳಿದರೆ "ಸುಮ್ನೆ, ಒಂದು ಕೆಲಸಕ್ಕೆ" ಅಂತೀವಿ. ಆತ ಹೇಳಿದಷ್ಟೇ ಮಾಡಿಕೊಡುತ್ತಾನೆ. ಅದು ತೋಟದಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿಗೆ ಮುಗಿಯಿತು.

ನನ್ನ ಐಡಿಯಾ ಕೊಳೆ ಔಷಧಿ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಶಿಲೀಂಧ್ರ ರೋಗಕ್ಕೆ ಔಷಧಿ, ಹೊಡೆಯುವುದಕ್ಕೆ ಸಂಬಂಧಪಟ್ಟದ್ದು. ನಮ್ಮದು ಹೊಸನಗರ ತಾಲೂಕು, ನಗರ ಅನ್ನುವ ಊರಿನ ಕಡೆ. ಅಲ್ಲಿಯ ಮಳೆ ಗೊತ್ತಿದ್ದವರಿಗೆ ಕೊಳೆ ರೋಗದ ಬಗ್ಗೆ ಬೇರೆ ಹೇಳುವುದು ಬೇಡ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ಅದಾಗಿ ಒಂದೂವರೆ ತಿಂಗಳಿಗೆ ಇನ್ನೊಂದು ಸಲ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕಲಸಿದ ಔಷಧಿ, ಹೊಡೆಯಲೇಬೇಕು. ಹಿಂದೆ ಕೊನೆಗೌಡರು, ಅಂದರೆ ಕೊನೆ (ಅಡಿಕೆ ಗೊಂಚಲು) ಕೊಯ್ಯುವವರು, ಮರ ಹತ್ತಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರಿ, ಕೊನೆಯ ಪಕ್ಕದಲ್ಲೇ ಕೂತು ಹೊಡೆಯುತ್ತಿದ್ದರು. ಈಗ ಮರ ಹತ್ತುವವರು ಸಿಗುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತು, 60 ಅಡಿ ಕೋಲು ಎತ್ತಿ, ತುದಿಯ ನಾಜಲ್‌ನಿಂದ ಹೊಡೆಯುವುದು.

ದೋಟಿ ದೊಡ್ಡ ಉಪಕಾರ ಮಾಡಿದೆ. ಆದರೆ ಒಂದು ಕೊರತೆ ಇದೆ. ಕೆಳಗಿನಿಂದ ಹೊಡೆದ ಔಷಧಿ ಕೊನೆಯ ತಳಕ್ಕೂ ಎದುರಿನ ಮಗ್ಗುಲಿಗೂ ಚೆನ್ನಾಗಿ ಬೀಳುತ್ತದೆ. ಮೇಲ್ಭಾಗಕ್ಕೆ, ಮರದ ಕಡೆಗಿರುವ ಬೆನ್ನಿಗೆ ಸರಿಯಾಗಿ ಹೋಗುವುದಿಲ್ಲ. ಕೊಳೆ ಶುರುವಾಗುವುದು ಕಾಯಿಯ ತೊಟ್ಟಿನ ಹತ್ತಿರ, ನೀರು ಹಿಡಿದಂಥ ಕಪ್ಪು ಹಸಿರು ಕಲೆಯಾಗಿ. ಅಂದರೆ ಔಷಧಿ ಎಲ್ಲಿ ಬೇಕೋ ಅಲ್ಲಿಗೇ ಕಡಿಮೆ. ಹೊಡೆಯುವ ಹುಡುಗ ತಲೆ ಎತ್ತಿ ನೋಡುತ್ತಾನೆ, ಕಣ್ಣಿಗೆ ಸುಣ್ಣದ ನೀರು ಬೀಳುತ್ತದೆ, "ಆಯ್ತು ಅಣ್ಣ" ಅಂತ ಮುಂದಿನ ಮರಕ್ಕೆ ಹೋಗುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ದೋಟಿಯ ತುದಿಗೆ ಬಾಗಿದ ಕತ್ತು ಇರಬೇಕು, ಅದು ಕೊನೆಗಿಂತ ಮೇಲೆ ಹೋಗಬೇಕು, ಕೆಳಗಿನಿಂದ ಹುರಿ ಎಳೆದರೆ ನಾಜಲ್ ವಾಲಿ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಇಷ್ಟೇ ನನ್ನ ಐಡಿಯಾ. ಹಳೆ ಸೈಕಲ್ ಬ್ರೇಕ್ ವೈರು, ಪಿವಿಸಿ ಪೈಪು ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಒಂದು ಮಾಡಿದ್ದೆ. ನೋಡಲು ಚೆನ್ನಾಗಿತ್ತು. ಅಲ್ಲಿಂದ ಮುಂದಕ್ಕೆ ಹೊರಗಿನವರು ಬೇಕಾಯಿತು.

ಈ ಬೋರ್ಡೋ ಕಥೆಯೇ ನೋಡಿ. ಅದೂ ಹೊರಗಿನವರು ಬಂದು ನೋಡಿದ್ದರಿಂದಲೇ ಔಷಧಿಯಾದದ್ದು. ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ಬೆಳೆಗಾರರು ದಾರಿ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ರೋಗಕ್ಕಲ್ಲ, ಹಣ್ಣು ಕದಿಯುವವರು ಹೆದರಲಿ ಅಂತ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ ಬಳಿದ ಬಳ್ಳಿಗಳಿಗೆ ಮಾತ್ರ ಬೂಜು ರೋಗ ತಗುಲಿಲ್ಲ ಅನ್ನುವುದನ್ನು ಗಮನಿಸಿದರು. 1885ರ ಹೊತ್ತಿಗೆ ಪ್ರಯೋಗ ಮಾಡಿ ಪ್ರಕಟಿಸಿದರು. ನಮ್ಮಲ್ಲಿಗೆ ಅದು ಬಂದದ್ದು ಇನ್ನೊಬ್ಬ ಹೊರಗಿನವರಿಂದ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆ ರೋಗವನ್ನು ಅಭ್ಯಾಸ ಮಾಡಿದರು. 1910ರಲ್ಲಿ ಅವರ ಬರಹ ಹೊರಬಂತು. ಅಲ್ಲಿಯವರೆಗೆ ನಮ್ಮ ಹಿರಿಯರಿಗೆ ಗೊತ್ತಿದ್ದದ್ದು ಕೊನೆಗಳಿಗೆ ಕೊಟ್ಟೆ ಕಟ್ಟುವುದು. ಮರ ಹತ್ತಿ ಒಂದೊಂದು ಕೊನೆಗೂ ಟೋಪಿ ಹಾಕುವ ಕೆಲಸ ಅದು. ಕೋಲ್ಮನ್‌ಗೆ ಅಡಿಕೆ ಮರ ಹೊಸದು, ನಮ್ಮವರಿಗೆ ಶಿಲೀಂಧ್ರ ಹೊಸದು. ತೋಟದವರು "ಹೀಗೊಂದು ಔಷಧಿ ಮಾಡಿಕೊಡಿ" ಅಂತ ಹೋಗಿರಲಿಲ್ಲ. ಕೊಳೆತ ಕಾಯಿ ತೋರಿಸಿದ್ದರು, ಅಷ್ಟೆ.

ನಾನು ಮೊದಲು ಮಾತಾಡಿದ್ದು ಬೆಂಗಳೂರಿನ ಒಂದು ಕಂಪನಿಯ ಜೊತೆ. "ನಿಮ್ಮ ಐಡಿಯಾ ಕೊಡಿ, ಪ್ರಾಡಕ್ಟ್ ನಾವು ಕೊಡ್ತೀವಿ" ಅನ್ನುವಂಥದ್ದು. ಫೋನಿನಲ್ಲಿ ಬಹಳ ಸಿಹಿಯಾಗಿ ಮಾತಾಡಿದರು. ಮಾರುಕಟ್ಟೆ ವರದಿಗೆ ಇಷ್ಟು, ತ್ರೀಡಿ ಚಿತ್ರಕ್ಕೆ ಇಷ್ಟು, ಪೇಟೆಂಟಿಗೆ ಇಷ್ಟು ಅಂತ ಒಂದು ಪಟ್ಟಿ ಕಳಿಸಿದರು. ಮುಂಗಡ ಬೇರೆ. ಅಡಿಕೆ ಮರ ಎಷ್ಟು ಎತ್ತರ ಅಂತ ಒಬ್ಬರೂ ಕೇಳಲಿಲ್ಲ. "ತೋಟ ನೋಡೋಕೆ ಯಾವಾಗ ಬರ್ತೀರಿ?" ಅಂದೆ. "ಸಾರ್, ಅದು ಪ್ಯಾಕೇಜಿನಲ್ಲಿ ಬರಲ್ಲ" ಅಂದರು. ಬಿಟ್ಟೆ. ನಿಮ್ಮ ತೊಂದರೆ ನೋಡುವ ಮುಂಚೆಯೇ ನಿಮ್ಮ ಐಡಿಯಾ ಅದ್ಭುತ ಅನ್ನುವವರಿಗೆ ದುಡ್ಡು ಕೊಡಬಾರದು ಅನ್ನುವುದು ನನ್ನ ಅಭಿಪ್ರಾಯ. ಒಳ್ಳೆಯ ತಜ್ಞರು ಸಾಮಾನ್ಯವಾಗಿ ಮೊದಲ ದಿನ ಸ್ವಲ್ಪ ಬೇಜಾರೇ ಮಾಡುತ್ತಾರೆ.

ಬೇಜಾರು ಮಾಡಿದವರು ಶಿವಮೊಗ್ಗದ ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು. ಪರಿಚಯದವರ ಪರಿಚಯ. ನಾನು ಬ್ಯಾಗಿನಿಂದ ಚಿತ್ರ ತೆಗೆಯುತ್ತಿದ್ದ ಹಾಗೆ ತಡೆದರು. "ಇದನ್ನ ಆಮೇಲೆ ನೋಡೋಣ. ಮೊದಲು ತೊಂದರೆ ಹೇಳಿ." ನಾನು ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು. ಕೋಲು ಎಷ್ಟು ತೂಕ? ಯಾವ ಪಂಪು? ಪೈಪು ಎಷ್ಟು ಎಂಎಂ? ಕರೆಂಟ್ ಲೈನ್ ತೋಟದ ಮೇಲೆ ಹಾದು ಹೋಗಿದೆಯಾ? ಕೊನೆಯದನ್ನು ಕೇಳಿ ನಾನು ಸುಮ್ಮನಾದೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ. ಅದರ ಉದ್ದಕ್ಕೂ ನಾನು ಉಕ್ಕಿನ ಬ್ರೇಕ್ ವೈರ್ ಬೇರೆ ಎಳೆಯಲು ಹೊರಟಿದ್ದೆ. ವೈರು ಅಲ್ಲೇ ಹೋಯಿತು, ನೈಲಾನ್ ಹುರಿ ಬಂತು.

ಆಮೇಲೆ ತೂಕದ ಲೆಕ್ಕ. ಒಂದು ಹಾಳೆ ತೆಗೆದುಕೊಂಡು ಗೀಟು ಹಾಕಿದರು. 60 ಅಡಿ ಕೋಲು ಸ್ವಲ್ಪ ವಾಲಿ ಅದರ ತುದಿ 10 ಅಡಿ ಆಚೆ ಹೋಯಿತು ಅಂತಿಟ್ಟುಕೊಳ್ಳಿ. ಹಿಡಿದವನ ಎರಡು ಕೈಗಳ ನಡುವೆ 2 ಅಡಿ ಅಂತರ. ತುದಿಗೆ 100 ಗ್ರಾಂ ಸೇರಿಸಿದರೆ ಪ್ರತಿ ಕೈಗೂ ಅರ್ಧ ಕೆಜಿ ಬಲ ಜಾಸ್ತಿ ಬೇಕು. ಪೈಪು 8.5 ಎಂಎಂ ಆದರೆ 60 ಅಡಿ ಉದ್ದದ ಪೈಪಿನೊಳಗಿನ ನೀರೇ ಸುಮಾರು ಒಂದು ಕೆಜಿ. "ನಿಮ್ಮ ಹುಡುಗ ಬೆಳಗ್ಗಿಂದ ಸಂಜೆವರೆಗೆ ಇದನ್ನ ಹಿಡೀಬೇಕು ಅಲ್ವಾ? ಹಾಗಾದ್ರೆ ತುದೀಲಿ ಏನೇ ಇಟ್ರೂ ತಕ್ಕಡೀಲಿ ತೂಗಿ ಇಡಿ." ಎತ್ತರಕ್ಕೆ ಒತ್ತಡ ಸಾಲದು ಅನ್ನುವ ನನ್ನ ಹೆದರಿಕೆಯನ್ನು ಮಾತ್ರ ಒಂದೇ ಮಾತಿನಲ್ಲಿ ತೆಗೆದುಹಾಕಿದರು. 10 ಮೀಟರ್ ಎತ್ತರಕ್ಕೆ ಕಡಿಮೆಯಾಗುವುದು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ. 60 ಅಡಿಗೆ ಎರಡು ಕೆಜಿಯೂ ಇಲ್ಲ. ಪಂಪಿನವರು ಹೇಳುವ 20, 30 ಕೆಜಿ ಒತ್ತಡದ ಮುಂದೆ ಅದೇನೂ ಅಲ್ಲ. ಪೈಪಿನ ತಿಕ್ಕಾಟದಲ್ಲಿ ಒಂದಷ್ಟು ಹೋಗುತ್ತದೆ, ಅದನ್ನು ಅಳೆದು ನೋಡೋಣ ಅಂದರು.

ಆದರೆ ಮೇಷ್ಟ್ರು ಹಾಕಿಕೊಟ್ಟ ಮೊದಲ ಡ್ರಾಯಿಂಗಿನಲ್ಲಿ ಒಂದು ಕಬ್ಬಿಣದ ಸ್ಪ್ರಿಂಗ್ ಇತ್ತು, ಒಂದು ಅಲ್ಯೂಮಿನಿಯಂ ಪಿನ್ ಇತ್ತು. ಇಲ್ಲಿ ತೋಟದವನ ಬುದ್ಧಿ ಉಪಯೋಗಕ್ಕೆ ಬಂತು. ಬೋರ್ಡೋ ಮಾಡುವ ನಮಗೆಲ್ಲ ಗೊತ್ತಿರುವ ಒಂದು ಪರೀಕ್ಷೆ ಇದೆ. ಒಂದು ಕೆಜಿ ಮೈಲುತುತ್ತ ಒಂದು ಕಡೆ, ಒಂದು ಕೆಜಿ ಸುಣ್ಣ ಇನ್ನೊಂದು ಕಡೆ ಕರಗಿಸಿ 100 ಲೀಟರಿಗೆ ಕೂಡಿಸುತ್ತೇವೆ. ಕೂಡಿಸಿದ ಮೇಲೆ ಮಸೆದ ಕತ್ತಿಯ ಬಾಯಿಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ತೆಗೆಯುತ್ತೇವೆ. ಕತ್ತಿಯ ಮೇಲೆ ಕೆಂಪು ಬಣ್ಣ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಕೆಂಪು ಅಂದರೆ ತಾಮ್ರ. ತಾಮ್ರ ಬಂದು ಕೂತಿದೆ ಅಂದರೆ ಅಷ್ಟು ಕಬ್ಬಿಣ ಕರಗಿ ಹೋಗಿದೆ ಅಂತಲೇ. ಸುಣ್ಣ ಸರಿ ಇದ್ದರೆ ಹಾಗಾಗದು. ಆದರೆ ದಿನಾ ಕಲಸುವವರು ದಿನಾ ಸರಿಯಾಗಿ ಕಲಸುತ್ತಾರಾ? ಮುಂದಿನ ಸಲ ಹೋಗುವಾಗ ಒಂದು ಬಾಟಲಿ ಔಷಧಿ, ಒಂದು ಹಳೆ ಕತ್ತಿ ತೆಗೆದುಕೊಂಡು ಹೋದೆ. ಸುಣ್ಣ ಬೇಕೆಂದೇ ಕಡಿಮೆ ಹಾಕಿದ್ದೆ. ಮೇಷ್ಟ್ರು ಕತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಪಕ್ಕದ ಲ್ಯಾಬಿನಿಂದ ಹುಡುಗರನ್ನು ಕರೆದು ಅವರಿಗೂ ತೋರಿಸಿದರು. ಸ್ಪ್ರಿಂಗ್, ಪಿನ್ ಎರಡೂ ಹೋಗಿ ಹಿತ್ತಾಳೆ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಬಂದವು.

ಕಾಲೇಜಿನ ಹುಡುಗರು ತ್ರೀಡಿ ಪ್ರಿಂಟರಿನಲ್ಲಿ ಒಂದು ಮಾದರಿ ಮಾಡಿಕೊಟ್ಟರು. ಅಳತೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ, ಬೆಳಗ್ಗೆ ತಿದ್ದಿದರೆ ಸಂಜೆಗೆ ಕೈಯಲ್ಲಿರುತ್ತದೆ. ಕೆಲಸಕ್ಕೆ ಮಾತ್ರ ಬಾರದು. ಅವರು ಬಳಸಿದ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಸೊಟ್ಟಗಾದೀತು.

ಹಾಗಾಗಿ ಹಿತ್ತಾಳೆಯಲ್ಲಿ ಕಡೆಸಲು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದೆ. ಅಲ್ಲೊಬ್ಬರು ಲೇಥ್ ಮೇಸ್ತ್ರಿ ಇದ್ದಾರೆ. ಮಾತು ಕಡಿಮೆ. ಅವರ ಅಂಗಡಿಯಲ್ಲಿ ಡ್ರಾಯಿಂಗ್ ಹರಡಿದರೆ ಅದರ ಮೇಲೆ ಟೀ ಲೋಟ ಇಡುತ್ತಾರೆ, ಬೇಸರ ಮಾಡಿಕೊಳ್ಳಬಾರದು. ಭಾಗಗಳನ್ನೆಲ್ಲ ಕಡೆದು, ಜೋಡಿಸಿ, ವೈಸ್‌ಗೆ ಕಚ್ಚಿಸಿ ಹುರಿ ಎಳೆದೆವು. ಬಹಳ ಚೆನ್ನಾಗಿ ವಾಲಿತು. ಪಂಪಿಗೆ ಜೋಡಿಸಿ ಒತ್ತಡ ಏರಿಸಿದೆವು. ಹುರಿ ಎಳೆದರೆ ಅಲ್ಲಾಡಲಿಲ್ಲ. ಜೋರಾಗಿ ಎಳೆದರೆ ಹುರಿಯೇ ಕಿತ್ತುಬಂತು. ನೀರಿಲ್ಲದಾಗ ಮೆತ್ತಗೆ ಬಾಗುತ್ತಿದ್ದ ಪೈಪು ಒತ್ತಡ ತುಂಬಿದ ಕೂಡಲೇ ಹೆಡೆ ಎತ್ತಿದ ಹಾವಿನ ಹಾಗೆ ಸೆಟೆದು ನಿಂತಿತ್ತು. ಅದನ್ನು ಬಾಗಿಸಿದರೆ ತಾನೇ ನಾಜಲ್ ವಾಲುವುದು?

ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಇನ್ನೂ ಮೆತ್ತಗಿನ ಪೈಪು, ಉದ್ದದ ಕೈ, ರಾಟೆ ಅಂತ ದಾರಿಗಳನ್ನು ಹೇಳುತ್ತಿದ್ದರು. ಮೇಸ್ತ್ರಿ ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡು ಒಂದು ಹಿತ್ತಾಳೆ ತುಂಡು ಕೈಗೆ ತೆಗೆದುಕೊಂಡರು. "ಪೈಪು ಯಾಕೆ ಬಗ್ಗಬೇಕು ಸಾರ್? ನೀರು ಈ ಕೀಲಿನ ಒಳಗಿಂದಲೇ ಹೋಗ್ಲಿ. ಪೈಪು ಇದ್ದಲ್ಲೇ ಇರ್ಲಿ, ಮುಂದಿನ ತಲೆ ಮಾತ್ರ ತಿರುಗ್ಲಿ." ಕೀಲಿನ ಪಿನ್ನನ್ನೇ ಟೊಳ್ಳು ಮಾಡಿ, ನೀರನ್ನು ಅದರೊಳಗೆ ಹಾಯಿಸಿ, ಸೋರದಂತೆ ಎರಡೂ ಕಡೆ ರಬ್ಬರ್ ರಿಂಗ್ ಹಾಕುವುದು. ಆ ಕಡೆಯಿಂದ ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದು, "ಅವರು ಹೇಳಿದ್ದು ಸರಿ" ಅಂದರು. ತಿರುಗುವ ಕೀಲು ಲೋಕದಲ್ಲಿ ಹೊಸದೇನಲ್ಲ. ಇಲ್ಲಿಗೆ ಅದೇ ಬೇಕು ಅಂತ ಹೊಳೆಯಬೇಕಲ್ಲ. ನಾನು ಎಂದಿನ ಹಾಗೆ "ಸುಮ್ನೆ ಒಂದು ಕೆಲಸಕ್ಕೆ" ಅಂತ ಹೇಳಿ ಬರೀ ಅಳತೆ ಕೊಟ್ಟಿದ್ದರೆ ಅವರು ಅಳತೆಗೆ ಸರಿಯಾಗಿ ಕಡೆದು, ದುಡ್ಡು ತೆಗೆದುಕೊಂಡು ಕಳಿಸಿಬಿಡುತ್ತಿದ್ದರು.

ಇನ್ನೊಬ್ಬರು ತಜ್ಞರು ನಮ್ಮ ತೋಟದಲ್ಲೇ ಇದ್ದರು. ಔಷಧಿ ಹೊಡೆಯುವ ಹುಡುಗ. ಅವನ ಕೈಗೆ ಕೊಟ್ಟೆವು. ಒಂದು ಸಾಲು ಹೊಡೆದು ಬಂದು, "ಅಣ್ಣ, ಕೆಲಸ ಚೆನ್ನಾಗಿ ಮಾಡ್ತದೆ, ಆದ್ರೆ ನಂಗೆ ಬೇಡ" ಅಂದ. ತೂಕ. ತಕ್ಕಡಿಯಲ್ಲಿ ಎಷ್ಟೇ ತೂಗಿ ಇಟ್ಟರೂ ಹಿತ್ತಾಳೆ ಹಿತ್ತಾಳೆಯೇ. ಮತ್ತೆ ಅವನೇ ತಲೆ ಕೆರೆದುಕೊಂಡು, "ಇದಕ್ಕೊಂದು ಕವಲು ಇದ್ದಿದ್ರೆ ಸೋಗೆ ಬುಡಕ್ಕೆ ಒರಗಿಸಿ ಬಿಡಬಹುದಿತ್ತು. ಭಾರ ಮರಾನೇ ಹೊತ್ಕೊಳ್ತಿತ್ತು" ಅಂದ. ಹೊಡೆಯುವಷ್ಟು ಹೊತ್ತು ಕೋಲನ್ನು ಗಾಳಿಯಲ್ಲೇ ಹಿಡಿದಿರಬೇಕು ಅಂತ ಮೇಷ್ಟ್ರು, ಮೇಸ್ತ್ರಿ, ನಾನು ಮೂರೂ ಜನ ಅಂದುಕೊಂಡಿದ್ದೆವು. ಮರ ಪಕ್ಕದಲ್ಲೇ ಇತ್ತು. ರಬ್ಬರ್ ಹೊದಿಸಿದ ಇಂಗ್ಲಿಷ್ 'ವೈ' ಆಕಾರದ ಕವಲು ಬಂತು. ಅದರಿಂದ ತುದಿಯ ಅಲುಗಾಟವೂ ನಿಂತಿತು. ಔಷಧಿ ಬೇಕಾದ ಜಾಗಕ್ಕೇ ಬೀಳತೊಡಗಿತು.

ಈಗ ಐಡಿಯಾ ಕದ್ದುಬಿಡುತ್ತಾರೆ ಅನ್ನುವ ಆ ಭಯದ ವಿಷಯ. ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಕಾನೂನಿನಲ್ಲೇ ಒಂದು ಅಗ್ಗದ ದಾರಿ ಇದೆ, ಬಹಳ ಜನ ಅದನ್ನು ನೋಡಿಲ್ಲ. ಉಪಾಯ ಅರ್ಧಂಬರ್ಧ ಇರುವಾಗಲೇ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಬಹುದು. ನಮ್ಮಂಥ ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ 1600 ರೂಪಾಯಿ. ಬರೆದುಕೊಡುವ ಏಜೆಂಟರ ಫೀಸು ಬೇರೆ. ಅಲ್ಲಿಂದ 12 ತಿಂಗಳೊಳಗೆ ಪೂರ್ಣ ವಿವರಣೆ ಸಲ್ಲಿಸಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ನಮ್ಮ ರಾಜ್ಯದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಆ ದಿನಾಂಕ ಕೈಯಲ್ಲಿದ್ದರೆ ಅರ್ಜಿಯಲ್ಲಿ ಬರೆದಷ್ಟನ್ನು ಮೇಷ್ಟ್ರ ಮುಂದೆ, ಮೇಸ್ತ್ರಿ ಮುಂದೆ ಧೈರ್ಯವಾಗಿ ಬಿಚ್ಚಬಹುದು. ಆಮೇಲೆ ಹೊಸದಾಗಿ ಸೇರಿದ್ದಕ್ಕೆ ಆ ದಿನಾಂಕದ ರಕ್ಷಣೆ ಇಲ್ಲ, ಅದನ್ನು ಬೇಗ ಸೇರಿಸಿ ಹಾಕಬೇಕು. ಅರ್ಜಿ ಹಾಕುವ ಮುಂಚೆ ಕೃಷಿ ಮೇಳದಲ್ಲಿ ಮಳಿಗೆ ಹಾಕುವುದು, ವಾಟ್ಸಾಪ್ ಗುಂಪಿಗೆ ವಿಡಿಯೊ ಬಿಡುವುದು ಮಾಡಿದರೆ ಹೊಸತನವೇ ಹೋಯಿತು ಅಂತ ಅರ್ಜಿ ತಿರಸ್ಕಾರ ಆಗಬಹುದು. ಅಂದರೆ ನಮ್ಮವರು ಎಲ್ಲಿ ಬಾಯಿ ಬಿಡಬೇಕೋ ಅಲ್ಲಿ ಮುಚ್ಚುತ್ತಾರೆ, ಎಲ್ಲಿ ಮುಚ್ಚಬೇಕೋ ಅಲ್ಲಿ ರೀಲ್ಸ್ ಮಾಡುತ್ತಾರೆ.

ಓದಿಲ್ಲದವರು, ತಾಂತ್ರಿಕ ತರಬೇತಿ ಇಲ್ಲದವರು ಸ್ವಂತ ಬುದ್ಧಿಯಿಂದ ಮಾಡಿದ್ದಕ್ಕೆ ಗುಜರಾತಿನ ಗಾಂಧಿನಗರದಲ್ಲಿರುವ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ ನೆರವು ಕೊಡುತ್ತದೆ. 2000ದಲ್ಲಿ ಶುರುವಾದದ್ದು. ಪೇಟೆಂಟ್ ಹಾಕಿಸುವುದರಿಂದ ಹಿಡಿದು ಮಾದರಿ ಸುಧಾರಿಸುವವರೆಗೆ ಅವರ ಕೆಲಸ. ನಮ್ಮ ಕಡೆಯವರು ಇನ್ನೂ ಜಾಸ್ತಿ ಬಳಸಿಕೊಳ್ಳಬೇಕು.

ಪೇಟೆಂಟ್ ಏಜೆಂಟರು ನನ್ನ ಉತ್ಸಾಹಕ್ಕೂ ಸ್ವಲ್ಪ ನೀರು ಹಾಕಿದರು. ಕೃಷಿ ಮಾಡುವ ವಿಧಾನಕ್ಕೆ ನಮ್ಮ ಕಾನೂನಿನಲ್ಲಿ ಪೇಟೆಂಟ್ ಇಲ್ಲ, ಉಪಕರಣಕ್ಕೆ ಉಂಟು. ಗೊತ್ತಿರುವ ವಸ್ತುಗಳನ್ನು ಸುಮ್ಮನೆ ಪಕ್ಕಪಕ್ಕ ಇಟ್ಟು, ಒಂದೊಂದೂ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವೇ ಅಲ್ಲ. ನಾಜಲ್ ವಾಲಿಸುವುದು ಹೊರದೇಶದ ಹಣ್ಣಿನ ತೋಟಗಳಲ್ಲಿ ಹಳೆಯದು. ಹಾಗಾದರೆ ಇದರಲ್ಲಿ ಹೊಸದು ಏನು? ಕವಲು ಮರಕ್ಕೆ ಒರಗಿದಾಗ ಭಾರ ಅಲ್ಲಿ ಇಳಿದು, ಅದೇ ಆಧಾರದ ಮೇಲೆ ಟೊಳ್ಳು ಕೀಲಿನ ತಲೆ ತಿರುಗುವುದು. ಬೇಕಾದರೆ ಅದನ್ನು ಹಿಡಿದು ಬರೆಯಬಹುದು ಅಂದರು.

ಮುಂದಿನ ಪ್ರಶ್ನೆ ಕೇಳಿದರು. "ಕೀಲು ಯಾರ ಯೋಚನೆ? ಕವಲು ಯಾರದ್ದು?"

ಇದಕ್ಕೆ ನಾನು ತಯಾರಿರಲಿಲ್ಲ. ಅರ್ಜಿಯಲ್ಲಿ ಆವಿಷ್ಕಾರಕರ ಹೆಸರು ಅಂತ ಒಂದು ಜಾಗ ಇದೆ. ದುಡ್ಡು ಹಾಕಿದವನು, ಓಡಾಡಿದವನು, ಮೊದಲು ಕನಸು ಕಂಡವನು ನಾನು. ಆದರೆ ಏಜೆಂಟರು ಹಿಡಿದು ಬರೆಯಬಹುದು ಅಂದ ಎರಡು ಸಂಗತಿಗಳಲ್ಲಿ ಒಂದು ಮೇಸ್ತ್ರಿಯದು, ಇನ್ನೊಂದು ಹುಡುಗನದು. ಕೂಲಿ ಕೊಟ್ಟಾಗಿದೆ, ಹಾಗಾಗಿ ನನ್ನದೇ ಅನ್ನಬಹುದಾ? ಕೂಲಿ ಕೆಲಸಕ್ಕೆ ಕೊಟ್ಟದ್ದು, ಯೋಚನೆಗೆ ಕೊಟ್ಟದ್ದಲ್ಲ ಅಂತ ಏಜೆಂಟರು ಸ್ಪಷ್ಟವಾಗಿ ಹೇಳಿದರು. ಯೋಚನೆ ಕೊಟ್ಟವರ ಹೆಸರು ಇರಲೇಬೇಕು. ಹಕ್ಕು ನನ್ನದಾಗಬೇಕಾದರೆ ಅವರು ಅದನ್ನು ಬರವಣಿಗೆಯಲ್ಲಿ ಬಿಟ್ಟುಕೊಡಬೇಕು. ಬಾಯಿ ಮಾತಿಗೆ ಬೆಲೆ ಇಲ್ಲ. ಮೇಸ್ತ್ರಿ, ಹುಡುಗ, ನಾನು ಹೀಗೆ ಮೂರೂ ಜನರ ಹೆಸರು ಹಾಕಿಸಿದೆ. ಹಕ್ಕು ಯಾರೂ ಯಾರಿಗೂ ಬಿಟ್ಟುಕೊಡಲಿಲ್ಲ, ಮೂವರದ್ದೂ ಇದೆ. ಮೇಷ್ಟ್ರು ತಾವು ಲೆಕ್ಕ ಮಾತ್ರ ಮಾಡಿದ್ದು ಅಂತ ಹೆಸರು ಬೇಡವೆಂದರು. ಮೇಸ್ತ್ರಿ ಕಾಗದ ಓದಿಸಿ ಕೇಳಿಕೊಂಡು, "ನಾಳೆ ಇದರಿಂದ ಸಾಲ ಗೀಲ ಏನಾದ್ರೂ ನನ್ ಮೇಲೆ ಬರುತ್ತಾ?" ಅಂದರು. ಇಲ್ಲ ಅಂದ ಮೇಲೆ ಕೈ ಒರೆಸಿಕೊಂಡು ಸಹಿ ಹಾಕಿದರು. ಹುಡುಗ ತನ್ನ ಹೆಸರು ಆಧಾರ್ ಕಾರ್ಡಿನಲ್ಲಿ ಇರುವ ಹಾಗೇ ಬರೆಯಬೇಕು ಅಂತ ಹಟ ಹಿಡಿದ. ಮನೆಯಲ್ಲಿ ನನ್ನಾಕೆಗೆ ಇದು ಅಷ್ಟು ಹಿಡಿಸಲಿಲ್ಲ. "ಖರ್ಚೆಲ್ಲ ನಿಮ್ದು ಅಲ್ವೇನ್ರಿ?" ಅಂತ ಈಗಲೂ ಕೇಳುತ್ತಾಳೆ. ನನ್ನ ಹತ್ತಿರ ಅವಳಿಗೆ ಒಪ್ಪಿಗೆಯಾಗುವ ಉತ್ತರ ಇಲ್ಲ. ನನಗೆ ಒಪ್ಪಿಗೆಯಾಗುವ ಉತ್ತರ ಇದೆ, ಅಷ್ಟೆ.

ಸದ್ಯದ ಕಥೆ ಇಷ್ಟು. ಈ ಮಳೆಗಾಲಕ್ಕೆ ನಮ್ಮದಲ್ಲದೆ ನೆಂಟರ ತೋಟಗಳಲ್ಲೂ ಇದು ಓಡಾಡಲಿದೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಅಚ್ಚು ಹಾಕಿಸಿದರೆ ತೂಕವೂ ಬೆಲೆಯೂ ಇಳಿಯುತ್ತದೆ ಅಂತ ವಿಚಾರಿಸಿ ಬಂದೆ. ಆದರೆ ಅಚ್ಚಿನ ಖರ್ಚೇ ಲಕ್ಷಗಳ ಮಾತು, ಸಾವಿರಗಟ್ಟಲೆ ಮಾಡಿದರೆ ಮಾತ್ರ ಗಿಟ್ಟುತ್ತದೆ. ಮೇಸ್ತ್ರಿಗೆ ಆ ಲೆಕ್ಕ ಹೇಳಿದೆ. ರಬ್ಬರ್ ರಿಂಗ್ ಸುಣ್ಣಕ್ಕೆ ಎಷ್ಟು ದಿನ ತಾಳುತ್ತದೆ ಅಂತ ಒಂದು ಮಳೆಗಾಲ ನೋಡದೆ ಅಚ್ಚಿನ ಮಾತೆತ್ತಬೇಡಿ ಅಂದರು. ಹಾಗಾಗಿ ಈ ವರ್ಷ ಲೇಥ್‌ನಲ್ಲೇ ಕಡೆಯುವುದು, ದೀಪಾವಳಿ ಕಳೆದ ಮೇಲೆ ಎಲ್ಲ ಬಿಚ್ಚಿ ರಿಂಗ್ ನೋಡುವುದು ಅಂತ ತೀರ್ಮಾನವಾಗಿದೆ.